ಮುಪ್ಪಿನ ಪಾಲೆಷ್ಟು, ಕುರ್ಚಿಯ ಪಾಲೆಷ್ಟು?

ನಮ್ಮ ಮನೆಗಳಲ್ಲಿ ಅಜ್ಜಿಯು ನೀರಿನ ಕೊಡಕ್ಕೆ ಕೈಹಾಕಿದರೆ, ಅಜ್ಜನು ತೋಟದ ಕಡೆಗೆ ಹೆಜ್ಜೆಯಿಟ್ಟರೆ, ಮನೆಯವರೆಲ್ಲ ಒಂದೇ ದನಿಯಲ್ಲಿ ಹೇಳುವ ಮಾತೊಂದುಂಟು: “ಈ ವಯಸ್ಸಿನಲ್ಲಿ ನಿಮಗೇಕೆ ಈ ತೊಂದರೆ? ಸುಮ್ಮನೆ ಕುಳಿತುಕೊಳ್ಳಿ, ನಾವು ಮಾಡುತ್ತೇವೆ.” ಈ ಮಾತಿನ ಹಿಂದಿರುವುದು ಪ್ರೀತಿ ಮತ್ತು ಗೌರವ ಎಂಬುದರಲ್ಲಿ ಸಂದೇಹವಿಲ್ಲ. ಹಿರಿಯರು ಮೊದಮೊದಲು ಮುನಿಸಿಕೊಂಡರೂ ಕ್ರಮೇಣ ಕುರ್ಚಿಗೆ ಒಗ್ಗಿಕೊಳ್ಳುತ್ತಾರೆ. ಕೆಲವು ವರ್ಷಗಳು ಕಳೆಯುವುದರೊಳಗೆ ಆ ಕುರ್ಚಿಯಿಂದ ಏಳುವುದಕ್ಕೇ ಅವರಿಗೆ ಇನ್ನೊಬ್ಬರ ಕೈ ಬೇಕಾಗುತ್ತದೆ. ಆಗ ನಾವು ನಿಟ್ಟುಸಿರುಬಿಟ್ಟು, “ಪಾಪ, ವಯಸ್ಸಾಯಿತಲ್ಲ!” ಎನ್ನುತ್ತೇವೆ.

ಆ ದೌರ್ಬಲ್ಯವು ನಿಜವಾಗಿಯೂ ವಯಸ್ಸಿನಿಂದ ಬಂದುದೆ, ಅಥವಾ ಕುರ್ಚಿಯಿಂದ ಬಂದುದೆ? ಅದರಲ್ಲಿ ಕಾಲದ ಪಾಲೆಷ್ಟು, ಬಳಸದೆ ಬಿಟ್ಟುದರ ಪಾಲೆಷ್ಟು? ಈ ಲೇಖನದಲ್ಲಿ ನಾವು ವಿಚಾರಿಸಹೊರಟಿರುವುದು ಇಷ್ಟನ್ನೇ. ಕಾಲವನ್ನು ತಡೆಯುವ ಶಕ್ತಿ ಯಾರಿಗೂ ಇಲ್ಲ. ಆದರೆ ಕುರ್ಚಿಯಿಂದ ಎದ್ದೇಳುವುದು ನಮ್ಮ ಕೈಯಲ್ಲಿಯೇ ಇದೆ. ಆದುದರಿಂದ ಈ ಎರಡು ಪಾಲುಗಳನ್ನು ಬೇರೆಬೇರೆಯಾಗಿ ತೂಗಿ ನೋಡುವುದು ಅವಶ್ಯವಾಗಿದೆ.

ಇದು ಮುದುಕರ ವಿಷಯ, ನಮಗೇಕೆ ಎಂದು ತರುಣ ವಾಚಕರು ಪುಟ ಮಗುಚಬಾರದು. 1941ರಿಂದ 1950ರ ವರೆಗಿನ ದಶಕದಲ್ಲಿ ಭಾರತದಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯುಸ್ಸು ಸುಮಾರು 32 ವರ್ಷವಾಗಿದ್ದಿತು. ಆಗ ಎಲ್ಲರೂ ಮೂವತ್ತೆರಡಕ್ಕೇ ಸಾಯುತ್ತಿದ್ದರೆಂದು ಇದರ ಅರ್ಥವಲ್ಲ. ಎಳೆಯ ಮಕ್ಕಳ ಮರಣವು ಬಹಳವಾಗಿದ್ದುದರಿಂದ ಸರಾಸರಿಯು ಅಷ್ಟು ಕೆಳಗಿಳಿದಿತ್ತು. ಈಗ ಆ ಸರಾಸರಿಯು 70ರ ಸಮೀಪಕ್ಕೆ ಬಂದಿದೆ. 2011ರ ಜನಗಣತಿಯಲ್ಲಿಯೇ ಅರುವತ್ತು ದಾಟಿದವರ ಸಂಖ್ಯೆ 10 ಕೋಟಿಯನ್ನು ಮೀರಿತ್ತು. ಹಿಂದೆ ಕೆಲವರಿಗೆ ಮಾತ್ರ ದೊರೆಯುತ್ತಿದ್ದ ವೃದ್ಧಾಪ್ಯವು ಇಂದು ತರಗತಿಯ ಬೆಂಚಿನ ಮೇಲೆ ಕುಳಿತಿರುವ ಬಹುಮಂದಿಗೆ ದೊರೆಯಲಿದೆ. ಅದು ವರವಾಗುವುದೊ ಭಾರವಾಗುವುದೊ ಎಂಬುದೇ ಪ್ರಶ್ನೆ.

ದೊಡ್ಡವರ ಉದಾಹರಣೆ ಸಾಲದು

ಮುಪ್ಪಿನಲ್ಲಿಯೂ ಚಟುವಟಿಕೆಯಿಂದಿದ್ದವರು ಯಾರು ಎಂದು ಕೇಳಿದರೆ ಕನ್ನಡಿಗರಿಗೆ ಹೆಸರುಗಳ ಕೊರತೆಯಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ತೊಂಬತ್ತು ದಾಟಿದ ಮೇಲೆಯೂ ಬಿಹಾರದಲ್ಲಿ ಗಂಗಾನದಿಗೆ ಕಟ್ಟಬೇಕಾಗಿದ್ದ ಸೇತುವೆಯ ವಿಷಯದಲ್ಲಿ ಸಲಹೆಯಿತ್ತರು. ನಿಘಂಟುಕಾರರಾದ ಜಿ. ವೆಂಕಟಸುಬ್ಬಯ್ಯನವರು 1913ರಲ್ಲಿ ಹುಟ್ಟಿ, 2011ರಲ್ಲಿ, ಎಂದರೆ ತಮ್ಮ 97ನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 107 ವರ್ಷಗಳ ತುಂಬುಬಾಳನ್ನು ಬಾಳಿ 2021ರಲ್ಲಿ ತೀರಿಕೊಂಡರು.

ಇಂಥ ಉದಾಹರಣೆಗಳು ಉತ್ಸಾಹವನ್ನು ಕೊಡುತ್ತವೆ, ಆದರೆ ಪ್ರಮಾಣವಾಗಲಾರವು. ಅವರು ಕೆಲಸ ಮಾಡಿದುದರಿಂದ ಗಟ್ಟಿಯಾಗಿ ಉಳಿದರೊ, ಅಥವಾ ಹುಟ್ಟಿನಿಂದಲೇ ಗಟ್ಟಿಯಾಗಿದ್ದುದರಿಂದ ಕೆಲಸ ಮಾಡಬಲ್ಲವರಾದರೊ? ಒಬ್ಬಿಬ್ಬರ ಬಾಳನ್ನು ನೋಡಿ ಇದನ್ನು ನಿರ್ಣಯಿಸುವಂತಿಲ್ಲ. ಅದಕ್ಕಾಗಿ ವಿಜ್ಞಾನವು ಸಾಮಾನ್ಯ ಜನರನ್ನೇ ಪರೀಕ್ಷೆಗೆ ತೆಗೆದುಕೊಳ್ಳಬೇಕಾಯಿತು. ಹಾಗೆ ನಡೆದ ಕೆಲವು ಪರೀಕ್ಷೆಗಳನ್ನು ಈಗ ನೋಡೋಣ.

ಬಸ್ಸಿನ ಮೆಟ್ಟಿಲುಗಳು

ಲಂಡನ್ ನಗರದ ಎರಡಂತಸ್ತಿನ ಬಸ್ಸುಗಳಲ್ಲಿ ಆಗ ಇಬ್ಬರು ನೌಕರರಿರುತ್ತಿದ್ದರು. ಚಾಲಕನು ದಿನವೆಲ್ಲ ಕುಳಿತೇ ಇರುವವನು. ಕಂಡಕ್ಟರನಾದರೊ ಟಿಕೆಟು ಕೊಡುವುದಕ್ಕಾಗಿ ದಿನಕ್ಕೆ ನೂರಾರು ಮೆಟ್ಟಿಲುಗಳನ್ನು ಹತ್ತಿ ಇಳಿಯುವವನು. ಇಬ್ಬರಿಗೂ ಒಂದೇ ಸಂಸ್ಥೆ, ಒಂದೇ ಊರು, ಹೆಚ್ಚುಕಡಿಮೆ ಒಂದೇ ಬಗೆಯ ಬಾಳು. ಜೆರ್ರಿ ಮಾರಿಸ್ ಎಂಬ ವೈದ್ಯನೂ ಆತನ ಸಂಗಡಿಗರೂ ಇಂಥ ಸಾವಿರಾರು ನೌಕರರ ಆರೋಗ್ಯದ ದಾಖಲೆಗಳನ್ನು ಹೋಲಿಸಿ ನೋಡಿ 1953ರಲ್ಲಿ ಪ್ರಕಟಿಸಿದ ಸಂಗತಿಯೇನೆಂದರೆ, ಕುಳಿತಿರುವ ಚಾಲಕರಿಗಿಂತ ಮೆಟ್ಟಿಲು ಹತ್ತುವ ಕಂಡಕ್ಟರರಲ್ಲಿ ಹೃದಯದ ರಕ್ತನಾಳಗಳ ರೋಗವು ಕಡಮೆ. ಬಂದರೂ ತಡವಾಗಿ, ಸೌಮ್ಯವಾಗಿ ಬರುತ್ತಿತ್ತು.

ಎಚ್ಚರವುಳ್ಳ ವಾಚಕರು ಇಲ್ಲಿಯೂ ಒಂದು ಸಂಶಯವನ್ನೆತ್ತಬಹುದು. ದಪ್ಪಗಿರುವವರೇ ಚಾಲಕರ ಕೆಲಸವನ್ನು ಆರಿಸಿಕೊಂಡಿದ್ದರೆ? ಮಾರಿಸನೂ ಹೀಗೆಯೇ ಯೋಚಿಸಿ, ನೌಕರರಿಗೆ ಹೊಲಿಸಿಕೊಟ್ಟ ಸಮವಸ್ತ್ರಗಳ ಸೊಂಟದ ಅಳತೆಯ ಲೆಕ್ಕವನ್ನೇ ತರಿಸಿ ನೋಡಿದನು. ಚಾಲಕರ ಸೊಂಟವು ಮೊದಲಿನಿಂದಲೂ ತುಸು ದೊಡ್ಡದೆಂದು ಕಂಡುಬಂದಿತು. ತನ್ನ ಮತಕ್ಕೆ ವಿರೋಧವಾಗಬಹುದಾದ ಈ ಸಂಗತಿಯನ್ನೂ ಆತನು 1956ರಲ್ಲಿ ಪ್ರಕಟಿಸಿದನು. ವೈಜ್ಞಾನಿಕ ಮನೋಭಾವವೆಂದರೆ ಇದು. ಬೇರೆ ಕಸಬುಗಳವರ ಮೇಲೆ, ಬೇರೆ ದೇಶಗಳಲ್ಲಿ ನಡೆದ ಶೋಧನೆಗಳು ಸೇರಿದ ಮೇಲೆಯೇ ಚಟುವಟಿಕೆಯು ಹೃದಯವನ್ನು ಕಾಯುತ್ತದೆಂಬ ಮಾತು ಸ್ಥಿರವಾಯಿತು.

ಮೂರು ವಾರದ ಹಾಸಿಗೆ, ಮೂವತ್ತು ವರ್ಷದ ಬಾಳು

ನಮ್ಮ ಪ್ರಶ್ನೆಗೆ ಇನ್ನೂ ನೇರವಾದ ಉತ್ತರವು ಅಮೆರಿಕೆಯ ಡಲ್ಲಾಸ್ ನಗರದಿಂದ ದೊರೆಯಿತು. 1966ರಲ್ಲಿ ಅಲ್ಲಿನ ವೈದ್ಯರು ಇಪ್ಪತ್ತರ ವಯಸ್ಸಿನ ಐವರು ಆರೋಗ್ಯವಂತ ತರುಣರನ್ನು ಮೂರು ವಾರಗಳ ಕಾಲ ಹಾಸಿಗೆಯಲ್ಲಿಯೇ ಮಲಗಿಸಿದರು. ಒಂದು ನಿಮಿಷದಲ್ಲಿ ಶರೀರವು ಹೆಚ್ಚೆಂದರೆ ಎಷ್ಟು ಆಮ್ಲಜನಕವನ್ನು ಉಪಯೋಗಿಸಿಕೊಳ್ಳಬಲ್ಲುದೆಂಬುದನ್ನು ಅಳೆದರೆ ಹೃದಯ, ರಕ್ತ ಮತ್ತು ಮಾಂಸಖಂಡಗಳ ಒಟ್ಟು ಸಾಮರ್ಥ್ಯವು ತಿಳಿಯುತ್ತದೆ. ಮೂರು ವಾರಗಳ ಕೊನೆಗೆ ಈ ಅಳತೆಯು ನೂರಕ್ಕೆ 27ರಷ್ಟು ಕುಗ್ಗಿತ್ತು! ಅನಂತರ ಎಂಟು ವಾರಗಳ ವ್ಯಾಯಾಮದಿಂದ ಅವರು ಕಳೆದುಕೊಂಡುದನ್ನೆಲ್ಲ ಮರಳಿ ಪಡೆದುದಲ್ಲದೆ ಮೊದಲಿಗಿಂತಲೂ ಮುಂದೆ ಹೋದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮೂವತ್ತು ವರ್ಷಗಳು ಕಳೆದ ಮೇಲೆ, 1996ರಲ್ಲಿ, ಅದೇ ಐವರನ್ನು ಮತ್ತೆ ಕರೆಸಿ ಅಳೆದರು. ಅವರಿಗೆ ಈಗ ಐವತ್ತು ವರ್ಷ. ತೂಕವು ಏರಿತ್ತು, ಮೈಯಲ್ಲಿನ ಕೊಬ್ಬು ಇಮ್ಮಡಿಯಾಗಿತ್ತು. ಆದರೂ 1966ರ ಮೊದಲ ಅಳತೆಗೆ ಹೋಲಿಸಿದರೆ ಸಾಮರ್ಥ್ಯವು ತಗ್ಗಿದ್ದುದು ನೂರಕ್ಕೆ ಸುಮಾರು 11 ಅಥವಾ 12 ಮಾತ್ರ. ಎಂದರೆ, ಮೂವತ್ತು ವರ್ಷಗಳ ಕಾಲವು ಮಾಡಲಾರದ ಹಾನಿಯನ್ನು ಇಪ್ಪತ್ತರ ಹರೆಯದಲ್ಲಿ ಮೂರು ವಾರಗಳ ಹಾಸಿಗೆಯು ಮಾಡಿತ್ತು! ಇದಾದ ಬಳಿಕ ಅವರಿಗೆ ಆರು ತಿಂಗಳು ನಡಿಗೆ, ನಿಧಾನವಾದ ಓಟ, ಸೈಕಲ್ ತುಳಿತಗಳ ಅಭ್ಯಾಸ ಮಾಡಿಸಿದಾಗ, ಅವರ ಸರಾಸರಿ ಸಾಮರ್ಥ್ಯವು ಇಪ್ಪತ್ತರ ವಯಸ್ಸಿನ ಮೊದಲ ಅಳತೆಯನ್ನು ಮುಟ್ಟಿತು.

ಐವರ ಮೇಲೆ ಮಾಡಿದ ಪರೀಕ್ಷೆಯು ಚಿಕ್ಕದೆಂಬುದನ್ನು ನಾವು ಮರೆಯಬಾರದು. ಕಾಲವು ತನ್ನ ಪಾಲನ್ನು ಬಿಟ್ಟುಕೊಡಲಿಲ್ಲವೆಂಬುದನ್ನೂ ಮರೆಯಬಾರದು. ವಯಸ್ಸಾದಂತೆ ಹೃದಯವು ನಿಮಿಷಕ್ಕೆ ಹೆಚ್ಚೆಂದರೆ ಎಷ್ಟು ಸಲ ಬಡಿಯಬಲ್ಲುದೆಂಬ ಸಂಖ್ಯೆಯು ಇಳಿಯುತ್ತಲೇ ಹೋಗುತ್ತದೆ. ವ್ಯಾಯಾಮವು ಅದನ್ನು ಮೇಲಕ್ಕೆತ್ತಲಾರದು. ಆ ಐವರಲ್ಲಿ ಸುಧಾರಿಸಿದುದು ಮುಖ್ಯವಾಗಿ ರಕ್ತದಿಂದ ಆಮ್ಲಜನಕವನ್ನು ಹೀರಿಕೊಳ್ಳುವ ಮಾಂಸಖಂಡಗಳ ಶಕ್ತಿ. ಇಪ್ಪತ್ತರಲ್ಲಿ ವ್ಯಾಯಾಮದ ಬಳಿಕ ಅವರು ಏರಿದ್ದ ಎತ್ತರಕ್ಕೆ ಐವತ್ತರಲ್ಲಿ ಯಾರೂ ಏರಲಿಲ್ಲ. ಕಾಲದ ಪಾಲು ಕಾಲಕ್ಕೆ ಸಂದಿತು. ಕುರ್ಚಿಯ ಪಾಲು ಮಾತ್ರ ಮರಳಿ ಬಂದಿತು.

ತೊಂಬತ್ತರಲ್ಲಿ ಹುರಿಗೊಂಡ ತೊಡೆಗಳು

ಐವತ್ತೇನು ಮಹಾ ವಯಸ್ಸು ಎಂದು ಕೇಳುವವರಿಗೆ ಬಾಸ್ಟನ್ ನಗರದ ಪರೀಕ್ಷೆಯೊಂದು ಉತ್ತರ ಕೊಡುತ್ತದೆ. ಅದನ್ನು ನಡೆಸಿದವರು ಮರಿಯಾ ಫಿಯಟರೋನ್ ಎಂಬ ವೈದ್ಯೆ ಮತ್ತು ಅವರ ಸಂಗಡಿಗರು; ಪ್ರಕಟವಾದುದು 1990ರಲ್ಲಿ. ಆರೈಕೆಯ ಮನೆಯೊಂದರಲ್ಲಿದ್ದ, ಸರಾಸರಿ 90 ವರ್ಷದ, ಬಹಳ ಬಡಕಲಾಗಿದ್ದ ಹತ್ತು ಮಂದಿ ವೃದ್ಧರು ಮುಂದೆ ಬಂದರು. ಕುಳಿತಲ್ಲಿಂದ ಏಳುವಾಗ, ಮೆಟ್ಟಿಲು ಹತ್ತುವಾಗ ಕೆಲಸ ಮಾಡುವ ತೊಡೆಯ ಮುಂಭಾಗದ ಮಾಂಸಖಂಡಗಳಿಗೆ ವಾರಕ್ಕೆ ಮೂರು ಸಲ ಭಾರವೆತ್ತುವ ಅಭ್ಯಾಸವನ್ನು ಎಂಟು ವಾರ ಮಾಡಿಸಿದರು. ಭಾರವೂ ಆಟದ ಭಾರವಲ್ಲ. ಅವರು ಒಂದು ಸಲ ಎತ್ತಬಲ್ಲ ಭಾರದ ನೂರಕ್ಕೆ 80ರಷ್ಟು.

ಕೊನೆಯವರೆಗೆ ನಿಂತವರು ಒಂಬತ್ತು ಮಂದಿ. ಅವರ ತೊಡೆಯ ಬಲವು ಸರಾಸರಿ ನೂರಕ್ಕೆ 174ರಷ್ಟು ಹೆಚ್ಚಿತು. ಎಂದರೆ ಮೊದಲಿದ್ದುದರ ಎರಡೂವರೆಪಟ್ಟಿಗಿಂತಲೂ ಅಧಿಕವಾಯಿತು. ಇಬ್ಬರು ನಡೆಯುವಾಗ ಊರುಗೋಲನ್ನು ಬಿಟ್ಟರು. ಕೈಯೂರದೆ ಕುರ್ಚಿಯಿಂದ ಏಳಲಾರದಿದ್ದ ಮೂವರಲ್ಲಿ ಒಬ್ಬರು ತಾವಾಗಿ ಎದ್ದು ನಿಂತರು. ಅಭ್ಯಾಸವನ್ನು ನಿಲ್ಲಿಸಿದ ನಾಲ್ಕು ವಾರಗಳಲ್ಲಿ ಬಲವು ನೂರಕ್ಕೆ 32ರಷ್ಟು ಇಳಿದುಹೋಯಿತೆಂಬುದೂ ಗಮನಿಸತಕ್ಕ ವಿಷಯವೇ. ಬಂದ ಬಲವನ್ನು ಉಳಿಸಿಕೊಳ್ಳಲು ಅಭ್ಯಾಸವೂ ಉಳಿಯಬೇಕು.

ಇಲ್ಲಿ ಒಂದು ಸೋಜಿಗವುಂಟು. ಬಲವು ಅಷ್ಟು ಹೆಚ್ಚಿದರೂ ತೊಡೆಯ ಮಾಂಸಖಂಡದ ಗಾತ್ರವು ಹೆಚ್ಚಿದುದು ನೂರಕ್ಕೆ 9ರಷ್ಟು ಮಾತ್ರ. ಹಾಗಾದರೆ ಉಳಿದ ಬಲವು ಎಲ್ಲಿಂದ ಬಂದಿತು? ಮಾಂಸಖಂಡವೆಂಬುದು ಸಾವಿರಾರು ತಂತುಗಳ ಕಟ್ಟು. ಈ ತಂತುಗಳು ಗುಂಪುಗುಂಪಾಗಿ ಒಂದೊಂದು ಚಾಲಕ ನರಕೋಶದ ಅಪ್ಪಣೆಗೆ ಒಳಪಟ್ಟಿರುತ್ತವೆ. ನಾವು ಭಾರವನ್ನೆತ್ತುವಾಗ ಬಲವು ಎಷ್ಟು ಬರುತ್ತದೆಂಬುದು ತಂತುಗಳ ದಪ್ಪದ ಮೇಲೆ ಮಾತ್ರವಲ್ಲ, ನರಗಳು ಎಷ್ಟು ಗುಂಪುಗಳನ್ನು ಒಟ್ಟಿಗೆ ಕರೆಯುತ್ತವೆ ಎಂಬುದರ ಮೇಲೂ ನಿಂತಿದೆ. ಬಹುಕಾಲ ಕುಳಿತವರಲ್ಲಿ ಈ ಕರೆಯುವ ಅಭ್ಯಾಸವೇ ತಪ್ಪಿಹೋಗಿರುತ್ತದೆ. ಮನೆಯಲ್ಲಿ ಆಳುಗಳಿದ್ದಾರೆ, ಆದರೆ ಯಜಮಾನನಿಗೆ ಅವರ ಹೆಸರು ಮರೆತಿದೆ! ವ್ಯಾಯಾಮದ ಮೊದಲ ವಾರಗಳಲ್ಲಿ ನಡೆಯುವುದು ಮುಖ್ಯವಾಗಿ ಈ ಹೆಸರುಗಳನ್ನು ಮತ್ತೆ ಕಲಿಯುವ ಕೆಲಸ.

ಮುಪ್ಪಿನಲ್ಲಿ ಚಾಲಕ ನರಕೋಶಗಳೇ ಕೆಲವು ಸಾಯುತ್ತವೆ. ಅವುಗಳ ಅಧೀನದಲ್ಲಿದ್ದ ತಂತುಗಳಲ್ಲಿ ಕೆಲವನ್ನು ನೆರೆಯ ನರಗಳು ದತ್ತು ತೆಗೆದುಕೊಳ್ಳುತ್ತವೆ, ಉಳಿದವು ಸೊರಗುತ್ತವೆ. ಥಟ್ಟನೆ ಬಲವನ್ನು ಕೊಡುವ ವೇಗದ ತಂತುಗಳಿಗೇ ಹೆಚ್ಚು ನಷ್ಟ. ಎಡವಿದಾಗ ತರುಣನು ಸಾವರಿಸಿಕೊಳ್ಳುವಲ್ಲಿ ವೃದ್ಧನು ಬೀಳುವುದಕ್ಕೆ ಇದೂ ಒಂದು ಕಾರಣ.

ಬೀಳುವುದು ಮತ್ತು ಮುರಿಯುವುದು

ನಿಂತಿರುವುದು ಸುಲಭವೆಂದು ನಮಗೆ ತೋರುತ್ತದೆ. ವಾಸ್ತವವಾಗಿ ಕಣ್ಣು, ಒಳಗಿವಿ, ಪಾದಗಳ ಸ್ಪರ್ಶಜ್ಞಾನ ಇವು ಮೂರೂ ಕಳಿಸುವ ಸುದ್ದಿಯನ್ನು ಮೆದುಳು ಕ್ಷಣಕ್ಷಣಕ್ಕೂ ಕೂಡಿಸಿ ನೋಡಿ ಕಾಲುಗಳಿಗೆ ಅಪ್ಪಣೆ ಕೊಡುತ್ತಿರುತ್ತದೆ. ಕಣ್ಣಿಗೆ ಪೊರೆ ಬಂದರೆ, ಪಾದದ ನರಗಳು ಸಕ್ಕರೆ ರೋಗದಿಂದ ಜಡವಾದರೆ, ಈ ವ್ಯವಸ್ಥೆಯು ಕುಂಟುತ್ತದೆ. ವೃದ್ಧರಿಗೆ ಬೀಳುವುದೆಂದರೆ ಸಣ್ಣ ಮಾತಲ್ಲ. ತೊಡೆಯ ಮೂಳೆಯು ಸೊಂಟದ ಬಳಿ ಮುರಿದರೆ ಹಲವರು ಮತ್ತೆ ಮೊದಲಿನಂತೆ ನಡೆಯುವುದೇ ಇಲ್ಲ. ಹಲವಾರು ಪರೀಕ್ಷೆಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರ ಪ್ರಕಾರ, ಸಮತೋಲದ ಅಭ್ಯಾಸವೂ ಸೇರಿದಂತೆ ವ್ಯಾಯಾಮ ಮಾಡುವ ವೃದ್ಧರಲ್ಲಿ ಬೀಳುವ ಪ್ರಮಾಣವು ನೂರಕ್ಕೆ 23ರಷ್ಟು ತಗ್ಗುತ್ತದೆ.

ಮೂಳೆಯೂ ಕಲ್ಲಿನಂತೆ ನಿರ್ಜೀವ ವಸ್ತುವಲ್ಲ. ಅದನ್ನು ಕರಗಿಸುವ ಜೀವಕೋಶಗಳೂ ಕಟ್ಟುವ ಜೀವಕೋಶಗಳೂ ಅದರಲ್ಲಿ ಹಗಲಿರುಳು ದುಡಿಯುತ್ತಿರುತ್ತವೆ. ಮೈಭಾರವು ಬೀಳುವ ಕಡೆ ಕಟ್ಟಡವು ಗಟ್ಟಿಯಾಗುತ್ತದೆ. ಭಾರವಿಲ್ಲದ ಕಡೆ ಸಡಿಲವಾಗುತ್ತದೆ. ತೂಕವೇ ಇಲ್ಲದಂತೆ ತೇಲುವ ಅಂತರಿಕ್ಷಯಾತ್ರಿಕರ ಸೊಂಟದ ಮೂಳೆಯು, ವ್ಯಾಯಾಮವಿಲ್ಲದಿದ್ದರೆ, ತಿಂಗಳಿಗೆ ನೂರಕ್ಕೆ 1ರಷ್ಟು ಅಥವಾ ಅದಕ್ಕೂ ತುಸು ಹೆಚ್ಚು ಕರಗುತ್ತದೆ.

ತರುಣರಿಗೆ ಅತ್ಯಂತ ಮುಖ್ಯವಾದ ಸಂಗತಿಯು ಇಲ್ಲಿದೆ. ಮೂಳೆಯ ಭಂಡಾರವು ಭರ್ತಿಯಾಗುವುದು ಸುಮಾರು ಮೂವತ್ತರ ವಯಸ್ಸಿನೊಳಗೆ. ಅನಂತರದ ಬಾಳೆಲ್ಲ ಆ ಗಂಟಿನಿಂದ ಖರ್ಚು ಮಾಡುವ ಕಾಲ; ಹೆಂಗಸರಲ್ಲಿ ಮುಟ್ಟು ನಿಂತ ಮೇಲಿನ ಕೆಲವು ವರ್ಷಗಳಲ್ಲಿ ಈ ಖರ್ಚು ಇನ್ನೂ ವೇಗವಾಗುತ್ತದೆ. ಕುಳಿತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದೆಂಬ ನಮ್ಮ ಗಾದೆಯು ಮೂಳೆಗೂ ಅನ್ವಯಿಸುತ್ತದೆ. ಹದಿನೆಂಟರಲ್ಲಿ ಆಡಿದ ಕಬಡ್ಡಿ, ಹತ್ತಿದ ಬೆಟ್ಟ, ಉಂಡ ರಾಗಿ ಮತ್ತು ಮೊಸರು ಎಪ್ಪತ್ತರಲ್ಲಿ ಒದಗುವ ಇಡುಗಂಟುಗಳು.

ಗಿಡಕ್ಕೆ ನೀರೆರೆಯುವವರಾರು?

ಮೈಯ ವಿಷಯವಾಯಿತು, ಮನಸ್ಸಿನ ಸಂತೋಷವು ಹೇಗೆ? ಅಮೆರಿಕೆಯ ಕನೆಕ್ಟಿಕಟ್ ಪ್ರಾಂತದ ಒಂದು ಆರೈಕೆಯ ಮನೆಯಲ್ಲಿ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಎಂಬ ಮನಶ್ಶಾಸ್ತ್ರಜ್ಞೆಯರು ಮಾಡಿದ ಪರೀಕ್ಷೆಯು 1976ರಲ್ಲಿ ಪ್ರಕಟವಾಯಿತು. ಒಂದು ಅಂತಸ್ತಿನ ವೃದ್ಧರಿಗೆ, “ನಿಮ್ಮ ಯೋಗಕ್ಷೇಮವೆಲ್ಲ ನಮ್ಮ ಹೊಣೆ” ಎಂಬ ಅರ್ಥದ ಮಾತು ಹೇಳಿ, ಒಂದೊಂದು ಗಿಡವನ್ನು ಕೊಟ್ಟು, ಅದಕ್ಕೆ ನೀರೆರೆಯುವ ಕೆಲಸವನ್ನು ದಾದಿಯರಿಗೆ ವಹಿಸಿದರು. ಇನ್ನೊಂದು ಅಂತಸ್ತಿನವರಿಗೆ, ತಮ್ಮ ಕೋಣೆಯ ಏರ್ಪಾಡು, ತಮ್ಮ ಹೊತ್ತಿನ ಬಳಕೆ ಇವನ್ನು ತಾವೇ ನಿರ್ಧರಿಸಬೇಕೆಂದು ಹೇಳಿ, ಬೇಕಾದ ಗಿಡವನ್ನು ಆರಿಸಿಕೊಳ್ಳಲು ಬಿಟ್ಟು, ಅದರ ಆರೈಕೆಯನ್ನೂ ಅವರಿಗೇ ಒಪ್ಪಿಸಿದರು. ಮೂರು ವಾರಗಳಲ್ಲಿಯೇ ಎರಡನೆಯ ಗುಂಪಿನವರು ಹೆಚ್ಚು ಗೆಲವಾಗಿ, ಹೆಚ್ಚು ಚುರುಕಾಗಿ ಕಂಡುಬಂದರು.

ಒಂದೇ ಮನೆಯಲ್ಲಿ ನಡೆದ ಸಣ್ಣ ಪರೀಕ್ಷೆಯಿದು. ಇದರ ಮೇಲೆ ದೊಡ್ಡ ಸಿದ್ಧಾಂತವನ್ನು ಕಟ್ಟಬೇಕಾಗಿಲ್ಲ. ಆದರೆ ನಾವು ಮೊದಲು ಹೇಳಿದ ಮಾತನ್ನು ನೆನೆಸಿಕೊಳ್ಳಿ. “ಸುಮ್ಮನೆ ಕುಳಿತುಕೊಳ್ಳಿ, ನಾವು ಮಾಡುತ್ತೇವೆ” ಎನ್ನುವಾಗ ನಾವು ಹಿರಿಯರ ಕೈಯಿಂದ ಕೊಡವನ್ನು ಮಾತ್ರ ತೆಗೆದುಕೊಳ್ಳುತ್ತೇವೆಯೆ? “ಮನೆಗೆ ನಾನು ಬೇಕಾದವನು” ಎಂಬ ಭಾವನೆಯನ್ನೂ ತೆಗೆದುಕೊಳ್ಳುತ್ತಿರಬಹುದಲ್ಲವೆ?

ಇನ್ನೊಂದು ಕುರ್ಚಿಯು ಕಣ್ಣಿಗೆ ಕಾಣದು, ಅದು ಏಕಾಂತ. ಕಿವಿ ಮಂದವಾದ ಅಜ್ಜನು ಮಾತು ಕೇಳಿಸದೆ ನಗೆಪಾಟಲಾಗುವುದಕ್ಕಿಂತ ಮೌನವೇ ಲೇಸೆಂದು ಮೂಲೆ ಸೇರುತ್ತಾನೆ. ನಾವು ಅದನ್ನು ಮರೆವೆಂದೂ ವೈರಾಗ್ಯವೆಂದೂ ತಿಳಿಯುತ್ತೇವೆ. “ಲ್ಯಾನ್ಸೆಟ್” ವೈದ್ಯಪತ್ರಿಕೆಯು ನೇಮಿಸಿದ ತಜ್ಞರ ಆಯೋಗವು 2024ರಲ್ಲಿ, ಬುದ್ಧಿಭ್ರಮಣೆಯನ್ನು ತರುವ, ಆದರೆ ಬದಲಾಯಿಸಲು ಸಾಧ್ಯವಾದ 14 ಕಾರಣಗಳನ್ನು ಪಟ್ಟಿಮಾಡಿತು. ಮಂದಗಿವಿ, ಮಂದದೃಷ್ಟಿ, ಏಕಾಂತವಾಸ, ಚಟುವಟಿಕೆಯ ಅಭಾವ, ರಕ್ತದ ಒತ್ತಡ, ಸಕ್ಕರೆ ರೋಗ, ಧೂಮಪಾನ ಇವೆಲ್ಲ ಆ ಪಟ್ಟಿಯಲ್ಲಿವೆ. ಆದುದರಿಂದ ಕಿವಿಗೆ ಶ್ರವಣಯಂತ್ರವನ್ನು ಕೊಡಿಸುವುದು, ಕಣ್ಣಿನ ಪೊರೆಯನ್ನು ತೆಗೆಸುವುದು ಬರಿಯ ಅನುಕೂಲದ ಮಾತಲ್ಲ. ಹಿರಿಯರನ್ನು ಮತ್ತೆ ಜಗಲಿಯ ಮಾತುಕತೆಗೆ ಕರೆತರುವ ದಾರಿ.

ಒಂದು ಎಚ್ಚರಿಕೆ

ಮುಪ್ಪಿನ ಕಷ್ಟವೆಲ್ಲ ಆಲಸ್ಯದ ಫಲವೆಂದು ನಾವು ಹೇಳಿದಂತೆ ಯಾರೂ ತಿಳಿಯಬಾರದು. ಹೊಲದಲ್ಲಿ ಬೆನ್ನು ಬಗ್ಗಿಸಿ ಐವತ್ತು ವರ್ಷ ಕಳೆ ಕಿತ್ತ ಮುದುಕಿಗೆ ಬೇಕಾದುದು ಭಾರವೆತ್ತುವ ಉಪದೇಶವಲ್ಲ. ಹೊಟ್ಟೆತುಂಬ ಊಟ, ಔಷಧ ಮತ್ತು ವಿಶ್ರಾಂತಿ. ಕೀಲುನೋವು, ಹೃದ್ರೋಗಗಳು ಎಷ್ಟೋ ಸಲ ಚಟುವಟಿಕೆಯಿಂದ ಬಾಳಿದವರನ್ನೂ ಹಿಡಿಯುತ್ತವೆ. ಕಾಯಿಲೆ ಬಿದ್ದವರನ್ನು ನೋಡಿ, “ನೀವು ನಡೆಯಲಿಲ್ಲ, ಅದಕ್ಕೇ ಹೀಗಾಯಿತು” ಎನ್ನುವುದು ವಿಜ್ಞಾನವೂ ಅಲ್ಲ, ಸೌಜನ್ಯವೂ ಅಲ್ಲ.

ಮಾಡಬಹುದಾದುದೇನು?

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಕೊಟ್ಟ ಸಲಹೆಯಂತೆ, 65 ದಾಟಿದವರು ವಾರಕ್ಕೆ 150ರಿಂದ 300 ನಿಮಿಷ ಚುರುಕಾಗಿ ನಡೆಯುವುದೇ ಮೊದಲಾದ ಸಾಧಾರಣ ಶ್ರಮವನ್ನೂ, ವಾರಕ್ಕೆ ಕನಿಷ್ಠ ಎರಡು ದಿನ ಮಾಂಸಖಂಡಗಳಿಗೆ ಬಲ ಕೊಡುವ ಅಭ್ಯಾಸವನ್ನೂ, ಮೂರು ದಿನ ಸಮತೋಲದ ಅಭ್ಯಾಸವನ್ನೂ ಮಾಡುವುದು ಹಿತಕರ. ಇದಕ್ಕೆ ಯಂತ್ರಗಳೇನೂ ಬೇಕಾಗಿಲ್ಲ. ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕುಳಿತರೆ ತೊಡೆಗೆ ವ್ಯಾಯಾಮ. ಗೋಡೆಯ ಪಕ್ಕದಲ್ಲಿ, ಹಿಡಿಯಲು ಆಸರೆಯಿಟ್ಟುಕೊಂಡು, ಒಂಟಿಕಾಲಿನ ಮೇಲೆ ನಿಂತರೆ ಸಮತೋಲದ ಅಭ್ಯಾಸ. ನೆಲದ ಮೇಲೆ ಕುಳಿತು ಉಣ್ಣುವ ನಮ್ಮ ಹಳೆಯ ಪದ್ಧತಿಯೂ, ಮೊಣಕಾಲು ಒಪ್ಪುವುದಾದರೆ, ದಿನಕ್ಕೆರಡು ಸಲದ ವ್ಯಾಯಾಮವೇ ಸರಿ. ಎದೆನೋವು, ತಲೆಸುತ್ತು ಇದ್ದವರೂ ಬಹುಕಾಲ ಹಾಸಿಗೆ ಹಿಡಿದವರೂ ವೈದ್ಯರನ್ನು ಕೇಳಿಯೇ ಆರಂಭಿಸಬೇಕು; ಸ್ವಲ್ಪದಿಂದ ಆರಂಭಿಸಬೇಕು.

ಊಟದ ವಿಷಯದಲ್ಲಿಯೂ ಒಂದು ತಪ್ಪು ತಿಳಿವಳಿಕೆಯಿದೆ. ವಯಸ್ಸಾದವರಿಗೆ ಗಂಜಿ, ಮೆತ್ತಗಿನ ಅನ್ನ ಸಾಕೆಂದು ನಾವು ಎಣಿಸುತ್ತೇವೆ. ಮಾಂಸಖಂಡವನ್ನು ಕಟ್ಟುವ ಪ್ರೋಟೀನು ಅದರಲ್ಲಿ ಬಹಳ ಕಡಮೆ. ವೃದ್ಧರಿಗೆ ದೇಹತೂಕದ ಪ್ರತಿಯೊಂದು ಕಿಲೋಗ್ರಾಮಿಗೆ ದಿನಕ್ಕೆ 1 ಗ್ರಾಮು ಅಥವಾ ತುಸು ಹೆಚ್ಚು ಪ್ರೋಟೀನು ಬೇಕೆಂಬುದು ತಜ್ಞರ ಅಭಿಪ್ರಾಯ. ಬೇಳೆ, ಹುರುಳಿ, ಹೆಸರುಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ ಮೀನು ಇವುಗಳಿಂದ ಅದು ದೊರೆಯುತ್ತದೆ. ಮೂತ್ರಪಿಂಡದ ರೋಗವುಳ್ಳವರು ಮಾತ್ರ ವೈದ್ಯರ ಮಾತಿನಂತೆ ನಡೆಯಬೇಕು.

ಕೊನೆಯದಾಗಿ ತರುಣ ವಾಚಕರಲ್ಲಿ ನಮ್ಮದೊಂದು ಬಿನ್ನಹ. ಈ ದಿನ ಸಂಜೆ ಮನೆಯ ಹಿರಿಯರು ಯಾವುದಾದರೂ ಕೆಲಸಕ್ಕೆ ಕೈಹಾಕಿದಾಗ, “ನಿಮಗೇಕೆ ತೊಂದರೆ?” ಎಂಬ ಮಾತನ್ನು ನಾಲಗೆಯ ತುದಿಯಲ್ಲಿಯೇ ತಡೆಯಿರಿ. ಕೊಡವು ಭಾರವಾಗಿದ್ದರೆ ಅರ್ಧ ತುಂಬಿಸಿಕೊಡಿ. ದಾರಿಯು ಒರಟಾಗಿದ್ದರೆ ಜೊತೆಯಲ್ಲಿ ನಡೆಯಿರಿ. ಅವರ ಕುರ್ಚಿಯ ಪಾಲನ್ನು ಕಡಮೆ ಮಾಡುವುದು ಅಷ್ಟರ ಮಟ್ಟಿಗೆ ನಿಮ್ಮ ಕೈಯಲ್ಲಿದೆ. ಹಾಗೆ ನಡೆಯುವಾಗ ನಿಮ್ಮ ಮೂಳೆಯ ಭಂಡಾರಕ್ಕೂ ಒಂದೆರಡು ಕಾಸು ಬೀಳುತ್ತದೆಂಬುದನ್ನು ಮರೆಯಬೇಡಿ.